ಹಳೆಯ ಟ್ರ್ಯಾಕ್ಟರ್, ಅದಕ್ಕೊಪ್ಪುವ ಟ್ರೇಲರ್

ಪ್ರಶ್ನೆ: ಹಳೆಯ ಟ್ರ್ಯಾಕ್ಟರ್ ಕೊಳ್ಳುವಾಗ ಏನೇನು ನೋಡಬೇಕು? ಎಂಥ ಟ್ರೇಲರ್ ಕಟ್ಟಬಹುದು? (ಇಟಗಿಯ ಓದುಗರು)

ಉತ್ತರ: ಹಳೆಯ ಟ್ರ್ಯಾಕ್ಟರನ್ನು ಎಂಜಿನ್ ತಣ್ಣಗಿರುವಾಗಲೇ ಪರೀಕ್ಷಿಸಬೇಕು. ಬಿಸಿ ಎಂಜಿನ್ ಸಲೀಸಾಗಿ ಚಾಲೂ ಆಗಿ ದೋಷ ಮುಚ್ಚಿಡುತ್ತದೆ. ನೀಲಿ ಹೊಗೆ ಸತತವಾಗಿ ಬಂದರೆ ಆಯಿಲ್ ಸುಡುತ್ತಿದೆ. ಪಿಸ್ಟನ್ ರಿಂಗ್ ಅಥವಾ ಲೈನರ್ ಸವೆದಿರಬಹುದು. ಡಿಪ್‌ಸ್ಟಿಕ್ಕಿನ ಆಯಿಲ್ ಹಾಲು ಬೆರೆತ ಚಹಾದಂತೆ ಕಂಡರೆ ಅದರಲ್ಲಿ ನೀರು ಸೇರಿದೆ. ಇಟಗಿ, ಕುಕನೂರು ಭಾಗದ ಎರೆ ಭೂಮಿಯಲ್ಲಿ ದುಡಿದ ಗಾಡಿಯ ಕ್ಲಚ್, ಗೇರ್, ಹೈಡ್ರಾಲಿಕ್‌ಗಳನ್ನು ಭಾರ ಹಾಕಿಯೇ ನೋಡಬೇಕು. ಎಂಜಿನ್ ಚಾಲೂ ಇದ್ದಾಗಲೂ ಎತ್ತಿದ ನೇಗಿಲು ತಾನಾಗಿ ಇಳಿದರೆ ಹೈಡ್ರಾಲಿಕ್‌ನಲ್ಲಿ ಸೋರಿಕೆ ಇದೆ.

ಎರಡು ಗಾಲಿಯ ಟ್ರೇಲರ್ ತನ್ನ ಭಾರದ ಒಂದು ಪಾಲನ್ನು ಟ್ರ್ಯಾಕ್ಟರಿನ ಮೇಲೆ ಹಾಕುತ್ತದೆ. ಇದರಿಂದ ಹಿಂಗಾಲಿಗಳಿಗೆ ಹಿಡಿತ ಸಿಗುತ್ತದೆ. ಭಾರ ಮೀರಿದರೆ ಮುಂಗಾಲಿಗಳು ಹಗುರಾಗಿ ಸ್ಟೀರಿಂಗ್ ಮಾತು ಕೇಳದು. ನಾಲ್ಕು ಗಾಲಿಯದು ತನ್ನ ಭಾರ ತಾನೇ ಹೊರುತ್ತದೆ, ಆದರೆ ರಿವರ್ಸ್ ತೆಗೆಯುವುದು ಕಷ್ಟ. ಟ್ರ್ಯಾಕ್ಟರ್ ಎಷ್ಟು ಎಳೆಯುತ್ತದೆ ಎಂಬುದಕ್ಕಿಂತ ಎಷ್ಟನ್ನು ನಿಲ್ಲಿಸಬಲ್ಲದು ಎಂಬುದು ಮುಖ್ಯ; ಬ್ರೇಕಿಲ್ಲದ ಟ್ರೇಲರ್ ಇಳಿಜಾರಿನಲ್ಲಿ ಟ್ರ್ಯಾಕ್ಟರನ್ನೇ ದೂಡುತ್ತದೆ. ಹಿಂಬದಿ ದೀಪ, ರಿಫ್ಲೆಕ್ಟರ್ ಪಟ್ಟಿ ಇರಲೇಬೇಕು. ರಾತ್ರಿ ಹಿಂದಿನಿಂದ ಬರುವವರ ಜೀವ ಅದರ ಮೇಲಿದೆ.

ಟ್ರ್ಯಾಕ್ಟರಿಗೂ ಟ್ರೇಲರಿಗೂ ಬೇರೆ ಬೇರೆ ಆರ್‌ಸಿ ಬೇಕು. ಎಂಜಿನ್, ಚಾಸಿಸ್ ನಂಬರು ಆರ್‌ಸಿಗೆ ತಾಳೆಯಾಗಬೇಕು. ಹೆಸರು ವರ್ಗಾವಣೆಗೆ ನಮೂನೆ 29 ಮತ್ತು 30, ಬ್ಯಾಂಕ್ ಸಾಲದ ನಮೂದು ತೆಗೆಸಲು ನಮೂನೆ 35. ಕೆಎ 37 ನೋಂದಣಿಯ ಗಾಡಿಗೆ ಈ ಕೆಲಸ ಕೊಪ್ಪಳ ಆರ್‌ಟಿಒದಲ್ಲಿ ಆಗುತ್ತದೆ. ರಾಜ್ಯದೊಳಗಿನ ವ್ಯವಹಾರವಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ತಿಳಿಸಬೇಕು.