ಮಳೆ ಹಿಡಿದ ದಿನ ಮನೆಯೊಳಗೆ

ಸೋಲೂರು ಎಂದೊಡನೆ ನಮ್ಮಲ್ಲಿ ಹಲವರಿಗೆ ಮಾಗಡಿ ಕಡೆಯ ಸೋಲೂರು ನೆನಪಾದೀತು. ನಾನು ಹೇಳಹೊರಟಿರುವುದು ನೀಲಗಿರಿ ಜಿಲ್ಲೆಯ ಸೋಲೂರಿನ ಬಗ್ಗೆ. ಸುತ್ತ ಟೀ ತೋಟಗಳು, ಬಡಗರ ಹಟ್ಟಿಗಳು. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು, ಅದು ಮುಗಿಯಿತೆನ್ನುವಷ್ಟರಲ್ಲಿ ಹಿಂಗಾರು, ನಡುನಡುವೆ ಎದುರು ಮನೆಯೂ ಕಾಣದಂಥ ಮಂಜು. 2019ರ ಆಗಸ್ಟ್‌ನಲ್ಲಿ ಇದೇ ಜಿಲ್ಲೆಯ ಅವಲಾಂಚಿಯಲ್ಲಿ ಒಂದೇ ದಿನ 82 ಸೆಂ.ಮೀ. ಮಳೆ ಸುರಿಯಿತು. ಬೆಂಗಳೂರಿಗೆ ಇಡೀ ವರ್ಷದಲ್ಲಿ ಬೀಳುವುದೇ ಸುಮಾರು 97 ಸೆಂ.ಮೀ. ಇನ್ನು 2009ರ ನವೆಂಬರ್‌ನಲ್ಲಿ ಗುಡ್ಡ ಕುಸಿದು ಜಿಲ್ಲೆಯಲ್ಲಿ 40ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಹಾಗಾಗಿ ಜೋರು ಮಳೆಗೆ ಶಾಲೆಗಳಿಗೆ ರಜೆ ಸಾರಿದರೆ ಮಕ್ಕಳನ್ನು ಹೊರಗೆ ಬಿಡುವಂತಿಲ್ಲ.

ಒಳಗೆ ಕೂರಿಸಿಕೊಂಡು ಏನು ಮಾಡುವುದು? ಸ್ವಲ್ಪ ಹೊತ್ತು ಟಿ.ವಿ., ಸ್ವಲ್ಪ ಹೊತ್ತು ಮೊಬೈಲ್. ಗಾಳಿಗೆ ಮರ ಬಿದ್ದು ಕರೆಂಟ್ ಹೋಯಿತೆಂದರೆ ಎರಡೂ ಮುಗಿಯಿತು. ಅಪ್ಪ ಅಮ್ಮ ಕೆಲಸಕ್ಕೆ ಹೋದ ಮನೆಯಲ್ಲಿ ಅಜ್ಜಿ ಮತ್ತು ಮೊಮ್ಮಕ್ಕಳು ಮುಖ ಮುಖ ನೋಡಿಕೊಂಡು ಕೂರುತ್ತಾರೆ.

ಮಳೆಯ ಬೇಸರ ಕಳೆಯಲು ಆಟ ಹುಡುಕಿಕೊಳ್ಳುವುದು ಈ ಬೆಟ್ಟಕ್ಕೆ ಹೊಸದೇನಲ್ಲ. ಇಂದು ಜಗತ್ತೆಲ್ಲ ಆಡುವ ಸ್ನೂಕರ್ ಆಟದ ಹುಟ್ಟೇ ಮಳೆಗಾಲದ್ದು. 1875ರಲ್ಲಿ ಜಬಲ್ಪುರದಲ್ಲಿ ಮಳೆಗೆ ಸಿಕ್ಕಿಬಿದ್ದ ಬ್ರಿಟಿಷ್ ಸೇನಾಧಿಕಾರಿಗಳು ಬಿಲಿಯರ್ಡ್ಸ್ ಮೇಜಿನ ಮೇಲೆ ಬಣ್ಣದ ಚೆಂಡುಗಳನ್ನು ಸೇರಿಸಿ ಆಡಲು ತೊಡಗಿದರು. ಅವರಲ್ಲೊಬ್ಬರಾದ ನೆವಿಲ್ ಚೇಂಬರ್ಲೇನ್ ಆ ಹೆಸರಿಟ್ಟರು. (ಮುಂದೆ ಪ್ರಧಾನಿಯಾದ ಚೇಂಬರ್ಲೇನ್ ಇವರಲ್ಲ.) ಆಟದ ನಿಯಮಗಳನ್ನು ಬರೆದು ಗೋಡೆಗೆ ಹಾಕಿದ್ದು 1882ರಲ್ಲಿ, ಊಟಿ ಕ್ಲಬ್ಬಿನಲ್ಲಿ. ದೊಡ್ಡವರ ಕ್ಲಬ್ಬು, ದೊಡ್ಡ ಮೇಜು! ನಮ್ಮ ಮನೆಗಳಿಗೆ ಒಂದು ಸೀಮೆಸುಣ್ಣದ ತುಂಡು ಸಾಕು.

ನೆಲದ ಮೇಲೆ ಐದಕ್ಕೆ ಐದು ಮನೆ ಬರೆದರೆ ಚೌಕಾಬಾರ ಸಿದ್ಧ. ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಕವಡೆ ಇಲ್ಲದಿದ್ದರೆ ಹುಣಿಸೆ ಬೀಜವನ್ನು ಒಂದು ಬದಿ ಬಿಳಿಯಾಗುವವರೆಗೆ ಕಲ್ಲಿಗೆ ಉಜ್ಜಿದರಾಯಿತು. ಆ ಉಜ್ಜುವ ಕೆಲಸವೇ ಮಕ್ಕಳಿಗೆ ಅರ್ಧ ಗಂಟೆಯ ಉತ್ಸಾಹ. ನಾಲ್ಕೂ ಕವಡೆ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಇವೆರಡರಲ್ಲಿ ಯಾವುದು ಬಿದ್ದರೂ ಇನ್ನೊಂದು ಸಲ ಹಾಕಬಹುದು. ಗೆರೆ ಎಳೆದ ಕಟ್ಟೆಯಲ್ಲಿ ಕೂತ ಕಾಯನ್ನು ಯಾರೂ ಹೊಡೆಯುವಂತಿಲ್ಲ. ನಡುಮನೆ ಸೇರಿದ ಕಾಯಿ ಹಣ್ಣು. ಬಹಳ ಕಡೆ, ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ಇಲ್ಲಿಯೇ ಜಗಳ ಶುರು. ಜಗಳವಾಗಲಿ ಬಿಡಿ. ಆರು ವರ್ಷದ ಮೊಮ್ಮಗಳು ಅರವತ್ತೈದರ ಅಜ್ಜಿಯ ಕಾಯಿ ಹೊಡೆದು ಕುಣಿಯುವ ಆಟ ಬೇರೆ ಎಷ್ಟಿವೆ?

ಅಳಗುಳಿ ಮಣೆ ಇದ್ದವರಿಗೆ ಅದೂ ಒಳ್ಳೆಯದು. ಎರಡು ಸಾಲು, ಸಾಲಿಗೆ ಏಳು ಗುಳಿ. ಮಣೆ ಇಲ್ಲದವರು ಮೊಟ್ಟೆಯ ತಟ್ಟೆಯನ್ನು ಕತ್ತರಿಸಿಕೊಳ್ಳಬಹುದು. ತುಳುನಾಡಿನಲ್ಲಿ ಇದೇ ಬಗೆಯ ಚೆನ್ನೆಮಣೆಯನ್ನು ಆಡುವುದು ಆಟಿ ತಿಂಗಳಲ್ಲಿ, ಹೊಲದ ಕೆಲಸ ನಿಂತು ಮಳೆ ಧೋ ಎಂದು ಹೊಯ್ಯುವಾಗ. ಹಿರಿಯರಿಗೆ ಮಳೆ ದಿನದ ಲೆಕ್ಕ ಗೊತ್ತಿತ್ತು.

ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಚಳಿಯೆಂದು ಅಗ್ಗಿಷ್ಟಿಕೆಯಲ್ಲಿ ಇದ್ದಿಲ ಕೆಂಡ ತುಂಬಿ, ಬಾಗಿಲು ಕಿಟಕಿ ಭದ್ರವಾಗಿ ಮುಚ್ಚಿ ಸುತ್ತ ಕೂರುವವರಿದ್ದಾರೆ. ಅದನ್ನು ಮಲಗುವ ಕೋಣೆಗೂ ಒಯ್ಯುವವರಿದ್ದಾರೆ. ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಾಣುತ್ತಿಲ್ಲವೆಂದು ಧೈರ್ಯದಿಂದಿರುವಂತಿಲ್ಲ. ತಲೆನೋವು, ತಲೆಸುತ್ತು ಬರಬಹುದು. ನಿದ್ದೆಯಲ್ಲಿರುವವರಿಗೆ ಅದೂ ತಿಳಿಯುವುದಿಲ್ಲ. ಊಟಿ, ಕೊಡೈಕಾನಲ್ ಕಡೆಗಳಲ್ಲಿ ಹೀಗೆ ಮಲಗಿದವರು ಬೆಳಗ್ಗೆ ಏಳಲಿಲ್ಲವೆಂಬ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಕೆಂಡವಿರುವಷ್ಟು ಹೊತ್ತೂ ಕಿಟಕಿ ತೆರೆದಿರಲಿ. ಮಲಗುವ ಮುನ್ನ ಅಗ್ಗಿಷ್ಟಿಕೆ ಮನೆಯಿಂದ ಹೊರಗೆ ಹೋಗಲಿ. ಕಂಬಳಿ ಇನ್ನೊಂದು ಹೊದೆಯಿರಿ.

ಆಟ ಸಾಕಾದ ಮೇಲೆ ಮಾತು. ನನ್ನ ಮಟ್ಟಿಗೆ ಮಳೆ ದಿನದ ದೊಡ್ಡ ಲಾಭ ಇದೇ. ಸೋಲೂರಿನ ಮಕ್ಕಳು ಶಾಲೆಯಲ್ಲಿ ಓದುವುದು ತಮಿಳು, ಇಂಗ್ಲಿಷು. ಬಡಗರ ಮನೆಯ ನುಡಿ ಬಡಗ. ಕನ್ನಡಕ್ಕೆ ತೀರ ಹತ್ತಿರದ ಆ ನುಡಿಗೆ ಶಾಲೆಯಿಲ್ಲ, ಪಠ್ಯಪುಸ್ತಕವಿಲ್ಲ. ಅಜ್ಜಿಯನ್ನು ಅವರು ಹೆತ್ತೆ ಎನ್ನುತ್ತಾರೆ. ಆ ಹೆತ್ತೆಯ ಬಾಯಿಂದ ಬಂದರೆ ಮಾತ್ರ ಮುಂದಿನವರಿಗೆ ನುಡಿ ಸಿಕ್ಕಿತು. ಬಡಗರ ಗಾದೆ, ಪ್ರಾರ್ಥನೆ, ಶಕುನ, ಶಾಪಗಳನ್ನು ಕಲೆಹಾಕಿ ಪಾಲ್ ಹಾಕಿಂಗ್ಸ್ ಎಂಬ ವಿದ್ವಾಂಸರು 1988ರಲ್ಲಿ ಒಂದು ದಪ್ಪ ಪುಸ್ತಕವನ್ನೇ ತಂದರು. ಅಷ್ಟು ಸಂಪತ್ತು ಒಲೆಯ ಮುಂದೆ ಅವರೆಕಾಯಿ ಸುಲಿಯುತ್ತಾ ಕೂತವರ ಬಳಿ ಇತ್ತು. ದೂರದಿಂದ ಬಂದವರು ಕೇಳಿ ಬರೆದುಕೊಂಡರು. ಮೊಮ್ಮಕ್ಕಳು ಕೇಳಬಾರದೇ?

ನೂರು ಪುಟದ ಒಂದು ನೋಟ್‌ಬುಕ್ ತೆಗೆದಿಡಿ. ಮಳೆ ಹಿಡಿದ ದಿನಕ್ಕೆ ಒಂದು ಗಾದೆ, ಒಂದು ಒಗಟು, ಇಲ್ಲವೇ ಅಡುಗೆಯ ಒಂದು ಕ್ರಮ. ಅವರೆ ಉದಕ ಮಾಡುವುದು ಹೇಗೆಂದು ಹೆತ್ತೆ ಹೇಳಲಿ, ಮಗು ಬರೆಯಲಿ; ಹೇಳಿದವರ ಹೆಸರು, ತಾರೀಖು ಕೆಳಗಿರಲಿ. ಯಾವ ಲಿಪಿಯಲ್ಲಿ ಬರೆಯುವುದೆಂಬ ಚಿಂತೆ ಬೇಡ. 19ನೇ ಶತಮಾನದಲ್ಲಿ ಬಾಸೆಲ್ ಮಿಷನ್‌ನವರು ಲೂಕನ ಶುಭಸಂದೇಶವನ್ನು ಬಡಗ ನುಡಿಗೆ ತಂದಾಗ ಕನ್ನಡ ಲಿಪಿಯನ್ನು ಬಳಸಿದರು. ಇಂದಿನ ಮಗುವಿಗೆ ತಮಿಳು ಲಿಪಿ ಕೈಗೆ ಬರುವುದಾದರೆ ಅದರಲ್ಲೇ ಬರೆಯಲಿ. ಇದು ಕೊಡಗಿನ, ಮಲೆನಾಡಿನ ಮನೆಗಳಿಗೂ ಸಲ್ಲುವ ಕೆಲಸ. ಅಲ್ಲಿ ಕೊಡವ, ಕೊಂಕಣಿ, ತುಳು ಯಾವುದಾದರೂ ಆಗಬಹುದು. ನೋಟ್‌ಬುಕ್ಕನ್ನು ಸೋರುವ ಮೂಲೆಯಲ್ಲಿ ಮಾತ್ರ ಇಡಬೇಡಿ.