ಬಿಸಿಲು, ಬಿಪಿ ಮತ್ತು ಮಿದುಳಿನ ಕಿಂಡಿ

ಸೇಡಂ, ಚಿತ್ತಾಪುರ, ವಾಡಿಯ ಸಿಮೆಂಟ್ ಸೀಮೆಯಲ್ಲಿ, ಚಿಂಚೋಳಿಯ ತಾಂಡಾಗಳಲ್ಲಿ ಬೇಸಿಗೆ 42 ಡಿಗ್ರಿ ಮುಟ್ಟುವುದು ಹೊಸದಲ್ಲ. ಶಹಾಬಾದಿನ ಫರ್ಸಿ ಗಣಿಯಲ್ಲಿ ಕಲ್ಲು ಎಬ್ಬಿಸುವವರ ಮೈಯಿಂದ ಬೆವರಿನ ಜೊತೆ ಉಪ್ಪೂ ಇಳಿದುಹೋಗುತ್ತದೆ. ಆಗ ಎಚ್ಚರಗೊಳ್ಳುವುದು ಮೂತ್ರಪಿಂಡ. ಅದು ರೆನಿನ್ ಎಂಬ ಕಿಣ್ವವನ್ನು ರಕ್ತಕ್ಕೆ ಬಿಡುತ್ತದೆ. ಆ ಸರಣಿಯ ತುದಿಯಲ್ಲಿ ಆಂಜಿಯೊಟೆನ್ಸಿನ್-2 ಎಂಬ ಹಾರ್ಮೋನು ಸಿದ್ಧವಾಗುತ್ತದೆ. ರಕ್ತನಾಳ ಬಿಗಿಸುವುದು, ಆಲ್ಡೊಸ್ಟಿರೋನ್ ಎಂಬ ಇನ್ನೊಂದು ಹಾರ್ಮೋನು ಹೊರಡಿಸಿ ಉಪ್ಪು ಉಳಿಸುವುದು ಅದರ ಪರಿಚಿತ ಕೆಲಸ. ಮಿದುಳಿನಲ್ಲಿ ಅದು ಮಾಡುವ ಕೆಲಸದ ಸುದ್ದಿ ಮಾತ್ರ ನಮ್ಮಲ್ಲಿ ಕಡಿಮೆ.

1961ರಲ್ಲಿ ಅಮೆರಿಕದ ಬಿಕರ್ಟನ್ ಮತ್ತು ಬಕ್ಲಿ ಒಂದು ನಾಯಿಯ ತಲೆಗೆ ಇನ್ನೊಂದು ನಾಯಿಯ ರಕ್ತ ಹರಿಸಿದರು. ತಲೆಗೂ ಮುಂಡಕ್ಕೂ ಉಳಿದದ್ದು ನರಗಳ ನಂಟು ಮಾತ್ರ. ತಲೆಗೆ ಹೋಗುವ ರಕ್ತಕ್ಕೆ ಆಂಜಿಯೊಟೆನ್ಸಿನ್ ಬೆರೆಸಿದರೆ ಮುಂಡದ ರಕ್ತದೊತ್ತಡ ಏರಿತು! ಇವತ್ತಿಗೆ ಕ್ರೂರ ಅನ್ನಿಸುವ ಪ್ರಯೋಗ; ಆದರೂ ಮಿದುಳಿನ ಪಾತ್ರ ಅದರಿಂದ ಸ್ಪಷ್ಟವಾಯಿತು.

ರಕ್ತಕ್ಕೂ ಮಿದುಳಿಗೂ ನಡುವಿನ ತಡೆಗೋಡೆಯನ್ನು ಈ ಹಾರ್ಮೋನು ಸುಲಭವಾಗಿ ದಾಟದು. ಆದರೆ ಗೋಡೆಗೆ ಕೆಲವು ಕಿಂಡಿಗಳಿವೆ. ಅಲ್ಲಿನ ನರಕೋಶಗಳು ಅದರ ಸುಳಿವು ಹಿಡಿದು ಮಿದುಳಿನ ಒಳಭಾಗವಾದ ಹೈಪೊಥಲಾಮಸ್‌ಗೆ ಸುದ್ದಿ ಮುಟ್ಟಿಸುತ್ತವೆ. ಬಾಯಾರಿಕೆ ಹುಟ್ಟುವ ಒಂದು ದಾರಿ ಇದು. ಜೊತೆಗೆ ನರತುದಿಗಳಲ್ಲಿ ನಾರ್‌ಅಡ್ರಿನಲಿನ್ ಎಂಬ ನರಪ್ರೇಷಕದ ಬಿಡುಗಡೆ ಹೆಚ್ಚಿ, ಹೃದಯಕ್ಕೂ ರಕ್ತನಾಳಗಳಿಗೂ ಬಿಗಿ ಹೆಚ್ಚಿಸುವ ಆಜ್ಞೆ ಹೋಗುತ್ತದೆ. ಇದೇ ನಾರ್‌ಅಡ್ರಿನಲಿನ್ ಮಿದುಳಿನ ಬೇರೆ ಕಡೆ ಒತ್ತಡ ಇಳಿಸುವುದೂ ಉಂಟು. ಕ್ಲೊನಿಡಿನ್ ಎಂಬ ಔಷಧಿ ಕೆಲಸ ಮಾಡುವುದು ಅಲ್ಲಿ ನಾರ್‌ಅಡ್ರಿನಲಿನ್ ಕೂರುವ ಗ್ರಾಹಕಗಳ ಮೇಲೆ.

ಬಿಸಿಲಲ್ಲಿ ಜೀವ ಉಳಿಸುವ ಈ ಏರ್ಪಾಡು ಬಿಪಿ ರೋಗಿಯಲ್ಲಿ ಬೇಡದಾಗಲೂ ನಡೆದಿರಬಹುದು. ಹಾಗೆಂದು ಎಲ್ಲ ಬಿಪಿ ರೋಗಿಗಳ ರಕ್ತದಲ್ಲೂ ಆಂಜಿಯೊಟೆನ್ಸಿನ್ ಹೆಚ್ಚಿರುವುದಿಲ್ಲ. 1963ರಲ್ಲಿ ಜಪಾನಿನ ಒಕಾಮೊಟೊ ಮತ್ತು ಅವೊಕಿ ಹುಟ್ಟಿನಿಂದಲೇ ಬಿಪಿಯ ಒಲವಿರುವ ಇಲಿಗಳ ತಳಿಯನ್ನು ವರದಿ ಮಾಡಿದರು. ಆ ಇಲಿಗಳ ನರಕೋಶಗಳು ಈ ಹಾರ್ಮೋನಿಗೆ ಅತಿಯಾಗಿ ಸ್ಪಂದಿಸುತ್ತವೆ. ಹಾರ್ಮೋನು ಎಷ್ಟಿದೆ ಎಂಬುದರಷ್ಟೇ ಅದನ್ನು ಕೇಳಿಸಿಕೊಳ್ಳುವ ಕೋಶ ಎಂಥದು ಎಂಬುದೂ ಮುಖ್ಯ. ಇನ್ನೊಂದೆಡೆ, ಹೃದಯವೇ ಸ್ರವಿಸುವ ಎಎನ್‌ಪಿ ಹಾರ್ಮೋನು ನಾರ್‌ಅಡ್ರಿನಲಿನ್ ಬಿಡುಗಡೆಗೆ ಕಡಿವಾಣ ಹಾಕುತ್ತದೆ.

ಬಿಪಿಗೆ ಕೊಡುವ ಟೆಲ್ಮಿಸಾರ್ಟನ್ ಗುಳಿಗೆ ಆಂಜಿಯೊಟೆನ್ಸಿನ್ ಕೂರುವ ಎಟಿ-1 ಗ್ರಾಹಕವನ್ನೇ ಮುಚ್ಚುತ್ತದೆ. ಹೀಗಾಗಿ ಅದನ್ನು ನುಂಗುವ ಗಣಿ ಕಾರ್ಮಿಕನ ಮೈ, ಬಿಸಿಲಲ್ಲಿ ನೀರು ಬತ್ತಿದಾಗ ಒತ್ತಡ ಹಿಡಿದಿಡುವ ತನ್ನ ಒಂದು ಮುಖ್ಯ ಉಪಾಯವನ್ನು ಕಳೆದುಕೊಂಡಿರುತ್ತದೆ. ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ, ವಾಂತಿ ಭೇದಿ ಹತ್ತಿದರೆ, ಗುಳಿಗೆಯನ್ನು ತಾನೇ ಬಿಡದೆ ಅದೇ ದಿನ ವೈದ್ಯರಿಗೆ ತಿಳಿಸಬೇಕು; ಅಂಥ ದಿನಗಳ ಮಟ್ಟಿಗೆ ಅವರು ಗುಳಿಗೆ ನಿಲ್ಲಿಸಲೂಬಹುದು.