ಬಾಡಿಗೆ ಬಂಗಲೆಯ ಅಡಿಗೆಮನೆ

ಪ್ರವಾಸ ಹೊರಟವರಿಗೆ ಮಲಗಲು ಜಾಗ ಸಿಕ್ಕಿತೆಂದರೆ ಅರ್ಧ ಚಿಂತೆ ಕಳೆಯಿತು, ಉಳಿದರ್ಧ ಊಟದ್ದು. ಹಿಂದೆ ಯಾತ್ರಾಸ್ಥಳಗಳ ಛತ್ರಗಳಲ್ಲಿ ಒಲೆಯೂ ಪಾತ್ರೆಪಡಗವೂ ದೊರೆಯುತ್ತಿದ್ದವು. ಬೇಯಿಸಿಕೊಳ್ಳುವ ಭಾರ ಯಾತ್ರಿಕರದು. ಸರ್ಕಾರದ ಪ್ರವಾಸಿ ಬಂಗಲೆಗಳಲ್ಲಿ ಮೇಟಿ ಎಂಬವನೊಬ್ಬನಿದ್ದು, ಸಾಹೇಬರು ಬರುವ ಸುದ್ದಿ ತಿಳಿದೊಡನೆ ಕೋಳಿ ಹುಡುಕಲು ಹೊರಡುತ್ತಿದ್ದ. ಅಂಥ ಹಳೆಯ ಬಂಗಲೆಗಳನ್ನು ನೋಡಿದವರಿಗೆ ಅಡಿಗೆಮನೆ ಮುಖ್ಯ ಕಟ್ಟಡದಿಂದ ಹತ್ತಿಪ್ಪತ್ತು ಹೆಜ್ಜೆ ಆಚೆ ಇರುವುದು ಕಂಡಿರಬಹುದು. ಹೊಗೆ, ಬೆಂಕಿ ಎರಡೂ ಮಲಗುವ ಕೋಣೆಯಿಂದ ದೂರವಿರಲೆಂದು ಹಾಗೆ ಕಟ್ಟುತ್ತಿದ್ದರು.

ಈಗಿನ ಪದ್ಧತಿ ಬೇರೆ. ಮಲೆನಾಡಿನ ಕಾಫಿ ತೋಟಗಳ ನಡುವೆ ದಿನಬಾಡಿಗೆಗೆ ಸಿಗುವ ಮನೆಗಳು ಎದ್ದಿವೆ. ಅವುಗಳಿಗೆ ವಿಲ್ಲಾ ಎಂದು ಹೆಸರು. ಮೂಡಿಗೆರೆ ಸೀಮೆಯ ಅಂಥದೊಂದು ಮನೆಯನ್ನು ನಮ್ಮ ಅವ್ವ ಆರು ವರ್ಷಗಳಿಂದ ನೋಡಿಕೊಳ್ಳುತ್ತಿದ್ದಾಳೆ. ರಜೆಯಲ್ಲಿ ನಾನೂ ಅವಳೊಡನೆ ಪಾತ್ರೆ ತೊಳೆದು, ಕಾಯಿ ತುರಿದು, ಬಂದವರ ಇಂಗ್ಲಿಷನ್ನು ಅವಳಿಗೆ ತಿಳಿಸಿ ಹೇಳುತ್ತೇನೆ. ನನ್ನ ಕಾಲೇಜಿನ ಫೀಜಿಗೆ ಆ ಅಡಿಗೆಮನೆಯೇ ಮೂಲಧನ. ಪರೀಕ್ಷೆ ಮುಗಿದೊಡನೆ ನಾಲ್ಕೈದು ಮಂದಿ ಸೇರಿ ಇಂಥ ಮನೆ ಹಿಡಿಯಬೇಕೆಂದು ಹಂಚಿಕೆ ಹಾಕುತ್ತಿರುವ ಸಹಪಾಠಿಗಳಿಗೆ ಉಪಯೋಗವಾಗಲೆಂದು ನಾನು ಕಂಡದ್ದನ್ನು, ಅದರ ಕಾರಣಗಳೊಡನೆ ಇಲ್ಲಿ ಬರೆದಿದ್ದೇನೆ.

ಈ ಮನೆಗಳ ಅಡಿಗೆಮನೆ ಬಹುಮಟ್ಟಿಗೆ ನೋಡುವುದಕ್ಕೆ ಚೆನ್ನ. ಹಜಾರಕ್ಕೂ ಅದಕ್ಕೂ ನಡುವೆ ಗೋಡೆಯಿಲ್ಲ. ಬೇಯಿಸಿದ್ದನ್ನೂ ಬೇಕರಿಯಿಂದ ತಂದದ್ದನ್ನೂ ತಿನ್ನುವವರಿಗೆ ಈ ಏರ್ಪಾಟು ಸರಿಹೋಗಬಹುದು. ನಾವು ಬ್ಯಾಡಗಿ ಮೆಣಸಿನಕಾಯಿ ಹುರಿದ ಗಳಿಗೆಯಲ್ಲಿ ಸೋಫಾದ ಮೇಲೆ ಕೂತವರೆಲ್ಲ ಕೆಮ್ಮುತ್ತ ಅಂಗಳಕ್ಕೆ ಓಡುತ್ತಾರೆ. ಗಾಜಿನ ಲೋಟ ಹನ್ನೆರಡು ಬಗೆಯವು ಇರುತ್ತವೆ. ಕಾಯಿ ತುರಿಯುವ ಮಣೆ, ಇಕ್ಕಳ, ರೊಟ್ಟಿಯ ಕಬ್ಬಿಣದ ಹಂಚು, ಇವು ಮೂರೂ ಇರುವ ಮನೆಯನ್ನು ನಾನು ಕಂಡಿಲ್ಲ. ಅವ್ವ ನಮ್ಮ ಮನೆಯ ಹಂಚನ್ನೇ ಚೀಲದಲ್ಲಿಟ್ಟುಕೊಂಡು ಹೋಗುತ್ತಾಳೆ.

ಇಂಡಕ್ಷನ್ ಒಲೆಯ ವಿಚಾರ ಎಲ್ಲರೂ ತಿಳಿಯತಕ್ಕದ್ದು. ಮನೆಯಿಂದ ಅಲ್ಯೂಮಿನಿಯಮ್ ಕುಕ್ಕರು ತಂದವರು ಅದನ್ನು ಈ ಒಲೆಯ ಮೇಲಿಟ್ಟು, ಒಲೆ ಕೆಟ್ಟಿದೆ ಎಂದು ಅವ್ವನನ್ನು ಗದರಿಸುವುದುಂಟು. ಒಲೆ ಕೆಟ್ಟಿರುವುದಿಲ್ಲ. ಗಾಜಿನ ಹಲಗೆಯ ಕೆಳಗೆ ತಾಮ್ರದ ತಂತಿಯ ಸುರುಳಿ ಇದೆ. ಅದರಲ್ಲಿ ಬಹು ವೇಗವಾಗಿ ದಿಕ್ಕು ಬದಲಿಸುವ ವಿದ್ಯುತ್ತು ಹರಿದಾಗ ಸುತ್ತ ಕಾಂತಕ್ಷೇತ್ರ ಉಂಟಾಗಿ, ಮೇಲಿರುವ ಪಾತ್ರೆಯ ತಳದಲ್ಲೇ ವಿದ್ಯುತ್ತನ್ನು ಹುಟ್ಟಿಸುತ್ತದೆ. ಹೀಗೆ ಪಾತ್ರೆ ತಾನೇ ಕಾಯುತ್ತದೆ. ಕಬ್ಬಿಣಕ್ಕೂ, ಕಾಂತ ಅಂಟುವ ಉಕ್ಕಿಗೂ ಇದು ಸರಿ. ಅಲ್ಯೂಮಿನಿಯಮ್, ಹಿತ್ತಾಳೆ, ತಾಮ್ರ, ಮಣ್ಣಿನ ಮಡಕೆ ಇವು ಸಾಮಾನ್ಯವಾದ ಇಂಡಕ್ಷನ್ ಒಲೆಯ ಮೇಲೆ ಕಾಯುವುದಿಲ್ಲ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಗೊಂಬೆಯೊಂದನ್ನು ಕಿತ್ತು ಪಾತ್ರೆಯ ತಳಕ್ಕೆ ತಾಗಿಸಿ ನೋಡುವುದು ಅವ್ವನ ಪರೀಕ್ಷಾಕ್ರಮ. ಅಂಟಿದರೆ ಉತ್ತೀರ್ಣ. ಭೌತಶಾಸ್ತ್ರದ ವಿದ್ಯಾರ್ಥಿಗಳಿಗೂ ಇದಕ್ಕಿಂತ ಸುಲಭವಾದ ವಿಧಾನ ತಿಳಿದಿರಲಾರದು.

ಇನ್ನೊಂದು ಮಾತು. 2,000 ವಾಟಿನ ಒಲೆ 230 ವೋಲ್ಟಿನಲ್ಲಿ ಸುಮಾರು 9 ಆಂಪೇರ್ ಎಳೆಯುತ್ತದೆ. ಮೊಬೈಲಿಗೆ ಚಾರ್ಜು ಹಾಕುವ ಸಣ್ಣ ಪ್ಲಗ್ಗಿಗೆ ಅದನ್ನು ಸಿಕ್ಕಿಸಿದರೆ ಪ್ಲಗ್ಗು ಕರಗಿ ನಾರುತ್ತದೆ. ದೊಡ್ಡ ಮೂರು ತೂತಿನದೇ ಬೇಕು. ಮಳೆಗಾಲದಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟೇ ಇಲ್ಲದಿದ್ದರೆ ಯಾವ ಪ್ಲಗ್ಗಿನಿಂದಲೂ ಪ್ರಯೋಜನವಿಲ್ಲ. ಬಾಗಿಲು ತೆರೆಯದಿದ್ದರೆ ಫ್ರಿಜ್ಜು ನಾಲ್ಕು ಗಂಟೆಯಷ್ಟು ತಂಪು ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಮೀನು, ಮಾಂಸ, ಹಾಲುಗಳನ್ನು ನಂಬುವುದು ಬೇಡ.

ಬೆಟ್ಟದ ಮೇಲೆ ಬೇಳೆ ಬೇಯುವುದಿಲ್ಲ ಎಂಬ ದೂರಿನಲ್ಲಿ ಸತ್ಯಾಂಶವಿದೆ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗಿ ನೀರು ಬೇಗ ಕುದಿಯುತ್ತದೆ. ಹೆಚ್ಚುಕಡಿಮೆ 300 ಮೀಟರಿಗೆ ಒಂದು ಡಿಗ್ರಿಯಂತೆ. ಸಮುದ್ರಮಟ್ಟದಿಂದ 1,000 ಮೀಟರು ಎತ್ತರದ ಊರಿನಲ್ಲಿ ನೀರು ಕುದಿಯುವುದು 97 ಡಿಗ್ರಿ ಸೆಲ್ಸಿಯಸ್ಸಿನ ಹತ್ತಿರ. ಎಷ್ಟು ಉರಿ ಹೆಚ್ಚಿಸಿದರೂ ತೆರೆದ ಪಾತ್ರೆ ಅದಕ್ಕಿಂತ ಬಿಸಿಯಾಗದು. ಗ್ಯಾಸು ಮಾತ್ರ ಖರ್ಚಾದೀತು. ಕುಕ್ಕರು ಹಬೆಯನ್ನು ಕಟ್ಟಿಹಾಕಿ ಒಳಗಿನ ನೀರನ್ನು 120 ಡಿಗ್ರಿಯ ಸಮೀಪಕ್ಕೆ ಒಯ್ಯುವುದರಿಂದ ಈ ತೊಡಕು ಅಲ್ಲಿ ಬಹುಮಟ್ಟಿಗೆ ಕಾಣದು. ಕುಡಿಯುವ ನೀರಿನ ಬಗ್ಗೆ ಅಂಜಿಕೆ ಬೇಡ. 97 ಡಿಗ್ರಿಯಲ್ಲಿ ಒಂದು ನಿಮಿಷ ಮರಳಿದ ನೀರಿನಲ್ಲಿ ರೋಗಾಣುಗಳು ಉಳಿಯುವುದಿಲ್ಲ.

ಗ್ಯಾಸು ಗಾಳಿಗಿಂತ ಭಾರ. ಸೋರಿದ್ದು ಮೇಲಿನ ಕಿಟಕಿಯ ಫ್ಯಾನಿನತ್ತ ಏರದೆ ನೆಲದ ಮೇಲೆ ನೀರಿನಂತೆ ಹರಡಿಕೊಳ್ಳುತ್ತದೆ. ಆದಕಾರಣ ನೆಲಮಟ್ಟದಲ್ಲಿ ಗಾಳಿಕಂಡಿ ಬೇಕು. ಸಿಲಿಂಡರನ್ನು ಅಂದಕ್ಕಾಗಿ ಬಾಗಿಲು ಮುಚ್ಚಿದ ಕಪಾಟಿನಲ್ಲಿ ಅಡಗಿಸುವ ಪದ್ಧತಿ ನನಗಂತೂ ಸರಿತೋರದು. ವಾಸನೆ ಬಂದರೆ ರೆಗ್ಯುಲೇಟರು ಮುಚ್ಚಿ, ಬಾಗಿಲು ಕಿಟಕಿ ತೆರೆದು, ದೀಪದ ಸ್ವಿಚ್ಚನ್ನು ಹಾಕುವುದೂ ಆರಿಸುವುದೂ ಮಾಡದೆ ಹೊರಗೆ ಬಂದು 1906 ಸಂಖ್ಯೆಗೆ ತಿಳಿಸಬೇಕು.

ಗ್ಯಾಸಿಗೆ ವಾಸನೆಯಾದರೂ ಸೇರಿಸಿರುತ್ತಾರೆ. ಇದ್ದಿಲಿನ ವಿಷಕ್ಕೆ ಅದೂ ಇಲ್ಲ. ಬಾರ್ಬೆಕ್ಯೂ ಎಂಬ ಕಬ್ಬಿಣದ ಒಲೆ ಈಗ ಪ್ರತಿಯೊಂದು ಬಾಡಿಗೆ ಮನೆಯಲ್ಲಿಯೂ ಇದೆ. ಅಂಗಳದಲ್ಲಿ ಅದರಿಂದ ತೊಂದರೆಯಿಲ್ಲ. ಮಳೆ ಹಿಡಿದಾಗ ಅತಿಥಿಗಳು ಅದನ್ನು ಹಜಾರಕ್ಕೆ ತರುತ್ತಾರೆ; ಸುಟ್ಟದ್ದೆಲ್ಲ ತಿಂದಾದ ಮೇಲೆ, ಉರಿ ಆರಿತಲ್ಲ, ಚಳಿಗಾದೀತೆಂದು ಕೆಂಡವನ್ನು ಮಲಗುವ ಕೋಣೆಗೂ ಒಯ್ಯುತ್ತಾರೆ. ಉರಿಯಿಲ್ಲದ ಕೆಂಡದಿಂದ ಇಂಗಾಲದ ಮಾನಾಕ್ಸೈಡ್ ಎಂಬ ಅನಿಲ ಹೊರಡುತ್ತಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಾಲಿಗೂ ಹೆಚ್ಚು ಆಸೆಯಿಂದ ಇದನ್ನು ಅಪ್ಪಿಕೊಳ್ಳುವುದರಿಂದ ಉಸಿರಾಡುತ್ತಿದ್ದರೂ ದೇಹಕ್ಕೆ ಆಮ್ಲಜನಕ ದಕ್ಕುವುದಿಲ್ಲ. ತಲೆನೋವು, ವಾಕರಿಕೆ, ಆಮೇಲೆ ಮಂಪರು. ಮಲಗಿದವರಿಗೆ ಮೊದಲೆರಡು ಲಕ್ಷಣಗಳೂ ತಿಳಿಯದೆ ಹೋಗಬಹುದು. ಒಂದು ಕಿಟಕಿ ತೆರೆದಿಟ್ಟಿದ್ದೇವೆ ಎಂಬ ಸಮಾಧಾನವನ್ನು ನೆಚ್ಚಬಾರದು.

ಅವ್ವನಿಗೆ ಈ ರಸಾಯನಶಾಸ್ತ್ರ ತಿಳಿಯದು. ಮುಚ್ಚಿದ ಮನೆಯೊಳಗೆ ಕೆಂಡ ಇಡಬಾರದೆಂದು ಅವಳ ಅತ್ತೆ ಹೇಳಿದ್ದು ತಿಳಿದಿದೆ. ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಎಂಟು ಮಂದಿ ಯುವಕರು ಒಲೆಯನ್ನು ಒಳಗೆ ತಂದಿದ್ದರು. “ತಮ್ಮಾ, ಅದನ್ನು ಜಗಲಿಗೆ ಇಡ್ರಪ್ಪ. ಬೇಕಾದ್ರೆ ನಾನೇ ಕೊಡೆ ಹಿಡ್ಕೊಂಡು ಸುಟ್ಟುಕೊಡ್ತೀನಿ,” ಎಂದಳು. “ಆಂಟಿ, ನಾವು ದುಡ್ಡು ಕೊಟ್ಟಿದ್ದೇವೆ,” ಎಂದು ಒಬ್ಬ ಹೇಳಿದ. ಅವಳು ಒಂದು ಕೊಡ ನೀರು ತಂದು ಕೆಂಡದ ಮೇಲೆ ಸುರಿದಳು. ಹಜಾರವೆಲ್ಲ ಬೂದಿಯಾಯಿತು. ಮರುದಿನ ಅವರು ಆ ಮನೆಗೆ ಒಂದೇ ನಕ್ಷತ್ರ ಕೊಟ್ಟು ಹೋದರು. ಮಾಲಿಕರು ಬೆಂಗಳೂರಿನಿಂದ ಫೋನು ಮಾಡಿ, ಅತಿಥಿಗಳ ಮನಸ್ಸು ನೋಯಿಸುವವರನ್ನು ಇಟ್ಟುಕೊಳ್ಳುವುದು ಕಷ್ಟವೆಂದರು. ಆ ತಿಂಗಳ ಸಂಬಳ ಹತ್ತು ದಿನ ತಡವಾಯಿತು. ನನ್ನ ಕೊನೆಯ ವರ್ಷದ ಫೀಜು ಕಟ್ಟುವ ದಿನವೂ ಅದೇ ವಾರದಲ್ಲಿತ್ತು. ನೆರೆಮನೆಯ ಅತ್ತಿಗೆ ಸಾಲ ಕೊಟ್ಟರು.

ನಾನು ಮಾಲಿಕರಿಗೆ ಕಾಗದ ಬರೆದು, ಮೇಲೆ ಹೇಳಿದ ಸಂಗತಿಗಳನ್ನೆಲ್ಲ ವಿವರಿಸಿ, ಅಂಗಳದಲ್ಲಿ ನಾಲ್ಕು ಕಂಬದ ಮೇಲೊಂದು ತಗಡಿನ ಮಾಡು ಹಾಕಿಸಿಕೊಟ್ಟರೆ ಮಳೆಯಲ್ಲಿಯೂ ಹೊರಗೇ ಸುಡಬಹುದೆಂದು ಸೂಚಿಸಿದೆ. ಉತ್ತರ ಬರಲಿಲ್ಲ, ಆದರೆ ದೀಪಾವಳಿಯ ಹೊತ್ತಿಗೆ ಕಂಬಗಳು ಬಂದವು, ತಗಡೂ ಬಂದಿತು. ಅವ್ವ ಈಗ ಕಾಯಿ ತುರಿಯುವ ಮಣೆಗೂ ಒಂದು ಕಾಗದ ಬರೆ ಎನ್ನುತ್ತಿದ್ದಾಳೆ.